ಬೀಡಿ ಇಲ್ಲದೆ ಕೂರುವುದು

ಶ್ರೀಮಂಗಲದ ಆಚೆಗಿನ ಒಂದು ಕಾಫಿ ತೋಟದಲ್ಲಿ ನನ್ನ ಭಾವ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಿಡಿಯುವುದು, ಕೆಲಸ ಹಂಚುವುದು, ಧಣಿಗೂ ಆಳುಗಳಿಗೂ ನಡುವೆ ನಿಂತು ಎರಡೂ ಕಡೆಯ ಮಾತು ಕೇಳುವುದು ಅವರ ಕೆಲಸ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಊರಿನ ಸರ್ಕಾರಿ ಡಿಸ್ಪೆನ್ಸರಿಯ ಬೋರ್ಡಿನಲ್ಲಿ ಹಳೆಯ ಸರ್ಕಾರದ ಹೆಸರಿನ ಮೇಲೆ ಹೊಸ ಬಣ್ಣ ಬಳಿದಿದ್ದರು. ಬಿಸಿಲು ಬಿದ್ದರೆ ಹಳೆಯ ಅಕ್ಷರ ಇನ್ನೂ ಕಾಣುತ್ತಿತ್ತು.

ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ಕಾಮಾಲೆ ಬಂದು ಎದ್ದ ಮೇಲೆ ಪತ್ರಿಕೆಯವರು ರಜೆ ಕೊಟ್ಟರು, ಅಕ್ಕ ಬಂದು ಇರು ಎಂದಳು. ಹಾಗೆ ಆ ವರ್ಷದ ಕಾಫಿ ಹಣ್ಣಿನ ಕೊಯ್ಲಿನ ಕಾಲದ ಹೆಚ್ಚಿನ ಭಾಗವನ್ನು ನಾನು ಅವರ ಮನೆಯ ಜಗಲಿಯಲ್ಲಿ ಗಂಜಿ ಕುಡಿಯುತ್ತ, ಬಿಸಿಲೇರಿದ ಮೇಲೆ ತೋಟದಲ್ಲಿ ನಿಧಾನಕ್ಕೆ ಓಡಾಡುತ್ತ ಕಳೆದೆ. ಮಾಡಲು ಏನೂ ಇರಲಿಲ್ಲ. ನೋಡುವುದು ಮಾತ್ರ ಇತ್ತು, ಅದು ನನಗೆ ಅಭ್ಯಾಸವಾಗಿದ್ದ ಕೆಲಸ.

ಆಳುಗಳಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ್ದ ಲೈನು ಮನೆಗಳಲ್ಲಿ ಇದ್ದವರು ಹೆಚ್ಚಿನವರು ಎರವರು. ತಲೆಮಾರುಗಳಿಂದ ಆ ಭಾಗದ ಗದ್ದೆಗಳಲ್ಲಿ, ತೋಟಗಳಲ್ಲಿ ಬೇರೆಯವರಿಗಾಗಿ ದುಡಿದ ಜನ. ಹಿಂದೆ ಅವರನ್ನು ಭೂಮಿಯ ಜೊತೆಗೇ ಎಣಿಸುತ್ತಿದ್ದರಂತೆ. ನಾನು ಹೋದ ಕಾಲಕ್ಕೆ ದಿನಗೂಲಿಯ ಲೆಕ್ಕ ಬಂದಿತ್ತು. ಅವರ ಹಿರಿಯನನ್ನು ಮೂಪ ಎಂದು ಕರೆಯುತ್ತಾರೆ. ಮದುವೆ, ಸಾವು, ಜಗಳ ಎಲ್ಲಕ್ಕೂ ಅವನ ಮಾತು ಬೇಕು. ನಾನು ಬರೆಯಲು ಹೊರಟಿರುವುದು ಆ ತೋಟದ ಮೂಪನ ಹೆಂಡತಿಯ ವಿಷಯ.

ಅವಳಿಗೆ ಕೆಮ್ಮು. ಮಳೆಗಾಲದಲ್ಲಿ ಬಂದದ್ದು ಮಳೆ ಹೋದರೂ ಹೋಗಿರಲಿಲ್ಲ. ಏರು ಹತ್ತುವಾಗ ನಡುದಾರಿಯಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಮರದ ಕಾಂಡ ಹಿಡಿದುಕೊಂಡು ನಿಲ್ಲುತ್ತಿದ್ದಳು. ಜೊತೆಯವರು ಬುಟ್ಟಿ ಇಸಿದುಕೊಂಡು ಮುಂದೆ ಹೋಗುತ್ತಿದ್ದರು. ಭಾವ ಅವಳನ್ನು ಡಿಸ್ಪೆನ್ಸರಿಗೆ ಕಳಿಸಿದ್ದರು. ಕ್ಷಯ ಇರಬಹುದೆಂದು ಕಫವನ್ನು ಮಡಿಕೇರಿಗೆ ಕಳಿಸಿ ನೋಡಿದರು. ಕ್ಷಯವಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಬೀಡಿ ಸೇದುತ್ತೀಯಾ ಎಂದು ವಿಚಾರಿಸಿದರಂತೆ. ಹೌದು ಎಂದಳು. ಇನ್ನೊಂದು ಮಳೆಗಾಲವನ್ನು ಈ ಹೊಗೆಯ ಜೊತೆ ಕಳೆದರೆ ನನ್ನ ಔಷಧಿ ಸಾಲದು, ಬೀಡಿ ಬಿಡು ಎಂದರು. ಅವಳು ಬಿಡುವುದಾಗಿ ಒಪ್ಪಿ ಬಂದಳು.

ಆ ಡಾಕ್ಟರು ಆಸ್ಥೆಯಿಂದ ಕೆಲಸ ಮಾಡುವ ಮನುಷ್ಯ. ಒಂದು ಭಾನುವಾರ ಸೈಕಲ್ಲು ತುಳಿದುಕೊಂಡು ಲೈನಿಗೇ ಬಂದರು. ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ ಹೊಗೆಸೊಪ್ಪು ಎದೆಗೆ ಏನು ಮಾಡುತ್ತದೆ, ಹಾಲೂಡಿಸುವ ತಾಯಂದಿರು ಯಾಕೆ ಸೇದಬಾರದು ಎಂದು ಹೇಳಿದರು. ಭಾವ ಅದನ್ನು ಬಿಡಿಸಿ ಹೇಳಿದರು. ಅರ್ಥವಾಗದ ಕಡೆ ಮೂಪ ತಮ್ಮ ಭಾಷೆಯಲ್ಲಿ ಮತ್ತೆ ಹೇಳಿದ. ಜನ ಮರ್ಯಾದೆಯಿಂದ ಕೇಳಿದರು. ಕೊನೆಗೆ ಬಾಗಿಲ ಬಳಿ ಕೂತಿದ್ದ ಒಬ್ಬಳು ಮುದುಕಿ ಡಾಕ್ಟರ ಅಂಗಿಯ ಜೇಬಿನ ಕಡೆ ಗಲ್ಲ ಎತ್ತಿ ತೋರಿಸಿ ಕೇಳಿದಳು:

"ಬಿಳೀ ಕಾಗದದಲ್ಲಿ ಸುತ್ತಿದ್ರೆ ಅದು ಎದೆಗೆ ಹೋಗಲ್ವಾ ಸಾಮಿ?"

ಅಂಗಳವೆಲ್ಲ ನಕ್ಕಿತು. ಡಾಕ್ಟರೂ ನಕ್ಕರು. ಜೇಬಿನಿಂದ ಸಿಗರೇಟು ಪ್ಯಾಕನ್ನು ತೆಗೆದು ಭಾವನ ಕೈಗೆ ಕೊಟ್ಟು, "ಅಜ್ಜಿ, ನನಗೂ ಬಿಡೋದು ಕಷ್ಟವೇ" ಎಂದರು. ಅಂದು ಅವರು ಹೇಳಿದ ಮಾತುಗಳಲ್ಲಿ ಲೈನಿನವರು ಆಮೇಲೂ ನೆನೆದು ಆಡುತ್ತಿದ್ದುದು ಅದೊಂದನ್ನೇ.

ಮೂಪನ ಹೆಂಡತಿ ಮಾತ್ರ ನಿಜಕ್ಕೂ ಬಿಟ್ಟಳು. ಅದರಿಂದ ಅವಳಿಗೆ ಆದ ತೊಂದರೆ ಏನೆಂದು ತಿಳಿಯಬೇಕಾದರೆ ಆ ತೋಟದ ಒಂದು ಪದ್ಧತಿಯನ್ನು ಹೇಳಬೇಕು.

ಕೊಯ್ಲಿನ ಕಾಲ ಒಣಹವೆಯ ಕಾಲ. ನೆರಳು ಮರಗಳ ತರಗೆಲೆ ಮೊಣಕಾಲೆತ್ತರಕ್ಕೆ ಬಿದ್ದಿರುತ್ತದೆ. ಒಂದು ಕಿಡಿ ಸಾಕು. ಅದಕ್ಕೇ ತೋಟದೊಳಕ್ಕೆ ಯಾರೂ ಬೆಂಕಿಪೊಟ್ಟಣ ತರಕೂಡದು. ಬೀಡಿ ಸೇದಬೇಕಾದವರಿಗೆಂದು ಮಧ್ಯದಲ್ಲಿ ಒಂದು ಹಲಸಿನ ಮರದ ಸುತ್ತ ನೆಲ ಕೆತ್ತಿ ಚೊಕ್ಕಟ ಮಾಡಿ, ಕೊಂಬೆಗೆ ದಪ್ಪನೆಯ ತೆಂಗಿನ ನಾರಿನ ಹಗ್ಗ ಇಳಿಬಿಟ್ಟಿದ್ದರು. ಅದರ ತುದಿ ಬೆಳಗಿನಿಂದ ಸಂಜೆಯವರೆಗೆ ಕೆಂಡವಾಗಿ ಹೊಗೆಯಾಡುತ್ತಿರುತ್ತಿತ್ತು. ಸೇದುವವರು ಅಲ್ಲಿಗೆ ನಡೆದು ಹೋಗಿ, ಹಗ್ಗದ ತುದಿಗೆ ಬೀಡಿ ಮುಟ್ಟಿಸಿ ಹೊತ್ತಿಸಿಕೊಂಡು, ಅಲ್ಲೇ ಕೂತು ಮುಗಿಸಿ, ತುಂಡನ್ನು ಮಣ್ಣಿಗೆ ಒತ್ತಿ ಹಿಂದಿರುಗಬೇಕು. "ಹಗ್ಗಕ್ಕೆ ಹೋಗಿ ಬರ್ತೀನಿ" ಎಂದು ಯಾರಾದರೂ ಅಂದರೆ ಕೊಯ್ಯುವವರ ಮೇಲ್ವಿಚಾರಣೆಯ ಮೇಸ್ತ್ರಿ ತಡೆಯುತ್ತಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಬಿಟ್ಟರೆ, ಆ ತೋಟದಲ್ಲಿ ಕೊಯ್ಯುವವರು ಕೂರಲು ಇದ್ದ ಕಾರಣ ಅದೊಂದೇ.

ನಾನು ಹಗ್ಗದ ಹತ್ತಿರ ಕೂತವರನ್ನು ದಿನವೂ ನೋಡುತ್ತಿದ್ದೆ. ಗಂಡಸರು ಇದ್ದರು, ಅಷ್ಟೇ ಮಂದಿ ಹೆಂಗಸರೂ ಇದ್ದರು. ಕೆಲವರು ಬೀಡಿಯನ್ನು ಎರಡು ಸಲ ಎಳೆದು, ಆಮೇಲೆ ಬೆರಳಸಂದಿಯಲ್ಲಿ ತಾನಾಗಿ ಉರಿಯಲು ಬಿಟ್ಟು ಕಾಲು ನೀಡಿಕೊಂಡಿರುತ್ತಿದ್ದರು. ಅದು ಯಾಕೆಂದು ನನಗೆ ಮೊದಮೊದಲು ತಿಳಿದಿರಲಿಲ್ಲ.

ಬೀಡಿ ಬಿಟ್ಟ ಮೊದಲ ದಿನಗಳಲ್ಲಿ ಮೂಪನ ಹೆಂಡತಿ ಸಾಲಿನಲ್ಲೇ ನಿಂತು ಕೊಯ್ದಳು. ಬೇರೆಯವರು ಹೋಗಿ ಬಂದರು, ಅವಳು ಹೋಗಲಿಲ್ಲ. ಒಂದು ದಿನ ಬುಟ್ಟಿ ಪಕ್ಕಕ್ಕಿಟ್ಟು ಗಿಡದ ಬುಡದಲ್ಲಿ ಕೂತಳು. ಮೇಸ್ತ್ರಿ ಮಂಗಳೂರ ಕಡೆಯವರು, ದನಿ ದೊಡ್ಡದು, ಮನಸ್ಸು ಕೆಟ್ಟದಲ್ಲ.

"ಎಂತ ಮಾರಾಯ್ತಿ, ಮದುವೆ ಮನೆಯಾ ಇದು?"

"ಸ್ವಲ್ಪ ಉಸಿರು ತಗೊಳ್ತೀನಿ ಮೇಸ್ತ್ರಿ."

"ಹಗ್ಗಕ್ಕೆ ಹೋಗಿ ತಕ್ಕೊ. ಇಲ್ಲಿ ಸಾಲಲ್ಲಿ ಕೂತರೆ ನಾಳೆ ಎಲ್ಲರೂ ಕೂರ್ತಾರೆ."

ಅವಳು ಹಗ್ಗಕ್ಕೆ ಹೋದಳು. ಮರುದಿನದಿಂದ ಕಿವಿಯ ಮೇಲೆ ಒಂದು ಬೀಡಿ ಸಿಕ್ಕಿಸಿಕೊಂಡು ಬರತೊಡಗಿದಳು. ಹಗ್ಗದ ಬುಡದಲ್ಲಿ ಅದನ್ನು ಕೈಗೆ ತೆಗೆದುಕೊಂಡು, ಹೊತ್ತಿಸದೆ ಕೂತು, ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಏಳುತ್ತಿದ್ದಳು. ಅದೇ ಬೀಡಿ ಕೆಲವು ದಿನ ನಡೆಯಿತು. ಎಲೆ ಸುಕ್ಕಾಗಿ, ಕಟ್ಟಿದ ದಾರ ಸಡಿಲಾಗಿತ್ತು. ಜೊತೆಯ ಹೆಂಗಸರು ಛೇಡಿಸಿದರು.

"ಅದನ್ನ ಯಾವಾಗ ಸೇದ್ತೀ ಅಕ್ಕ, ಮೊಮ್ಮಗನ ಮದುವೆಗಾ?"

"ಅವನಿಗೇ ಕೊಡ್ತೀನಿ" ಎಂದಳು.

ಇದು ಮೇಸ್ತ್ರಿಯ ಕಣ್ಣಿಗೆ ಬೀಳದೆ ಇರಲಿಲ್ಲ. ಒಂದು ಬೆಳಿಗ್ಗೆ ಅವರು ಹಲಸಿನ ಮರದ ಹತ್ತಿರ ಬಂದಾಗ ನಾನೂ ಅಲ್ಲೇ ಇದ್ದೆ.

"ಹೊಗೆ ಎಲ್ಲಿ?"

ಅವಳು ಬೀಡಿಯನ್ನು ಬೆರಳಲ್ಲಿ ತಿರುಗಿಸಿದಳು.

"ನೋಡು, ನನ್ನ ಮೇಲೆ ರೈಟರು, ರೈಟರ ಮೇಲೆ ಧಣಿ. ಹೊಗೆ ಕಂಡರೆ ನಾನು ಸುಮ್ಮನಿರಬಹುದು. ಹೊಗೆ ಇಲ್ಲದೆ ಕೂತವಳಿಗೆ ಎಂತ ಕಾರಣ ಹೇಳುವುದು ನಾನು?"

ಅವಳು ಎದ್ದು ನಿಂತಳು. ಹೋಗುತ್ತಾಳೆ ಎಂದುಕೊಂಡೆ. ಹಗ್ಗವನ್ನು ಕೈಯಲ್ಲಿ ಹಿಡಿದು, ತುದಿಯ ಕೆಂಡ ಊದಿ, ಬೀಡಿ ಹೊತ್ತಿಸಿ, ಮತ್ತೆ ಅದೇ ಜಾಗದಲ್ಲಿ ಕೂತಳು. ಮೇಸ್ತ್ರಿ ಹೊರಟುಹೋದರು. ಮೊದಲ ಎಳೆತಕ್ಕೇ ಕೆಮ್ಮು ಹಿಡಿಯಿತು. ಕೆಮ್ಮು ನಿಂತ ಮೇಲೆ ನಾನು ಕೇಳಿದೆ, ಇದನ್ನು ಕಲಿತದ್ದು ಯಾವಾಗ ಎಂದು.

"ಮದುವೆಯಾಗಿ ಈ ತೋಟಕ್ಕೆ ಬಂದ ಮೇಲೆ. ನಮ್ಮವ್ವ ಎಲೆ ಅಡಿಕೆ ಹಾಕ್ತಿದ್ಲು, ಬೀಡಿ ಸೇದ್ತಿರ್ಲಿಲ್ಲ. ನಂಗೆ ಬೀಡಿ ಕಲಿಸಿದ್ದು ಕಾಲುನೋವು ಸಾಮಿ. ಹೊಟ್ಟೇಲಿ ಮಗು ಇತ್ತು, ನಿಲ್ಲೋಕಾಗ್ತಿರ್ಲಿಲ್ಲ. ಸೇದೋರು ಕೂತ್ಕೊಳ್ತಿದ್ರು."

ಅಂದಿನಿಂದ ನಾನು ಹಗ್ಗದ ಹತ್ತಿರ ಕೂತವರನ್ನು ಬೇರೆ ರೀತಿ ನೋಡಿದೆ. ಬೇರೆ ಹೆಂಗಸರನ್ನೂ ಕೇಳಿದೆ. ಎಲ್ಲರ ಉತ್ತರವೂ ಒಂದೇ ಆಗಿರಲಿಲ್ಲ. ಒಬ್ಬಳು ಚಳಿಗೆ ಎಂದಳು, ಒಬ್ಬಳು ಗಂಡನ ಬೀಡಿ ಕದ್ದು ಸೇದಿ ಕಲಿತೆ ಎಂದು ನಕ್ಕಳು. ಆದರೆ ಕೂರುವುದಕ್ಕಾಗಿ ಎಂದವರು ಕಡಿಮೆ ಇರಲಿಲ್ಲ. ಚಟಕ್ಕೆ ಬಿದ್ದವರು ಎಂದು ಡಾಕ್ಟರೂ ಭಾವನೂ ನಾನೂ ಯಾರನ್ನು ತಿಳಿದಿದ್ದೆವೋ ಅವರಲ್ಲಿ ಕೆಲವರಾದರೂ ವಿರಾಮವನ್ನು ಹೊಗೆಯ ಮೂಲಕ ಕೊಳ್ಳುತ್ತಿದ್ದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಭಾವನಿಗೆ ಹೇಳಿದೆ. ಅಕ್ಕ ಪಾತ್ರೆ ಇಳಿಸುತ್ತಿದ್ದವಳು ಅಲ್ಲಿಂದಲೇ ನಮ್ಮ ಮನೆಮಾತಿನಲ್ಲಿ ಅಂದಳು, "ಅವ್ಕೆ ಬೀಡಿ ಬಿಟ್ಟರೆ ಬೇರೆ ಎಂಥ ಉಟ್ಟು?" ಅವರಿಗೆ ಬೀಡಿಯಲ್ಲದೆ ಬೇರೆ ಏನುಂಟು ಎಂದು. ಭಾವ ಊಟ ಮುಗಿಸಿ ಕೈ ತೊಳೆದು ಬಂದರು. ಆ ಹೆಂಗಸಿನ ಕೆಮ್ಮು ಅವರನ್ನೂ ಕಾಡುತ್ತಿತ್ತು. "ಧಣಿಗೆ ಹೇಳದೆ ನಂಗೆ ದಾರಿ ಇಲ್ಲೆ" ಎಂದರು.

ಧಣಿ ಹಿಂದೆ ಸೈನ್ಯದಲ್ಲಿದ್ದವರು. ಕಾಯಿಲೆ ಬಿದ್ದ ಆಳನ್ನು ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸುವವರು. ಭಾವ ಹೇಳಿದ್ದನ್ನು ಅವರು ಕಿವಿಗೊಟ್ಟು ಕೇಳಿದರು. ಆದರೆ ಕೇಳಿದ್ದರಲ್ಲಿ ಅವರಿಗೆ ತಟ್ಟಿದ್ದು ಒಂದು ಅರ್ಧ ಮಾತ್ರ: ಈ ತೋಟದಲ್ಲಿ ಹೆಂಗಸರು ಹಗ್ಗದಿಂದಾಗಿ ಬೀಡಿ ಕಲಿಯುತ್ತಿದ್ದಾರೆ ಎನ್ನುವುದು. ಅಂದೇ ಆಜ್ಞೆ ಬಂತು. ಹಗ್ಗ ಇಳಿಸಿ. ಬೆಂಕಿಯೇ ಇಲ್ಲದ ಮೇಲೆ ಬೀಡಿ ಎಲ್ಲಿಂದ? ಒಳ್ಳೆಯದನ್ನೇ ಮಾಡಿದೆ ಎಂದು ಅವರು ನಂಬಿದ್ದರು. ಡಾಕ್ಟರಿಗೂ ಹೇಳಿ ಕಳಿಸಿದರು, ಡಾಕ್ಟರು ಸಂತೋಷಪಟ್ಟರು.

ಮರುದಿನ ಹಲಸಿನ ಕೊಂಬೆ ಬರಿದಾಗಿತ್ತು. ಕೊಯ್ಲು ಬೆಳಗಿನಿಂದ ಊಟದ ಹೊತ್ತಿನವರೆಗೆ ಎಲ್ಲೂ ತಡೆಯದೆ ನಡೆಯಿತು, ಊಟದ ಮೇಲೆ ಸಂಜೆಯವರೆಗೂ. ಮೇಸ್ತ್ರಿಗೂ ಅದು ಸುಖವಾಗಿರಲಿಲ್ಲ, ಏಕೆಂದರೆ ಹಗ್ಗಕ್ಕೆ ಹೋದವರ ಜೊತೆ ತಾವೂ ಹೋಗಿ ಒಂದು ಕ್ಷಣ ನಿಲ್ಲುತ್ತಿದ್ದರು. ಆ ವಾರ ಬುಟ್ಟಿಗಳಲ್ಲಿ ಹಸಿರು ಕಾಯಿ, ಎಲೆ, ಕಡ್ಡಿ ಹೆಚ್ಚಾಗಿ ಬಂದವು. ಕೆಂಪಾದ ಹಣ್ಣನ್ನಷ್ಟೇ ಆರಿಸುವುದಕ್ಕೆ ಕಣ್ಣಿಗೂ ಬೆರಳಿಗೂ ತಾಳ್ಮೆ ಬೇಕು. ಅದು ಮಧ್ಯಾಹ್ನದ ಮುಂಚೆಯೇ ಮುಗಿದುಹೋಗುತ್ತಿತ್ತು. ಜನ ಮಾತು ಕಡಿಮೆ ಮಾಡಿದರು. ಬೀಡಿ ಬಿಟ್ಟರೇ ಎಂದರೆ, ಅದೂ ಇಲ್ಲ. ಮಡಿಲಲ್ಲಿ ಬೆಂಕಿಪೊಟ್ಟಣಗಳು ಬರತೊಡಗಿದವು. ಗಿಡಗಳ ಸಂದಿಯಲ್ಲಿ ಬಗ್ಗಿ, ಅಂಗೈ ಮುಚ್ಚಿ, ಗಬಗಬನೆ ಎಳೆದು, ತುಂಡನ್ನು ಎಲ್ಲೆಂದರಲ್ಲಿ ಎಸೆಯುವುದು ಶುರುವಾಯಿತು. ಮೂಪನ ಹೆಂಡತಿ ಸೇದಲಿಲ್ಲ. ಅವಳು ಕೂರಲೂ ಇಲ್ಲ. ಅವಳ ತುಟಿ ನೀಲಿಗಟ್ಟಿದ್ದನ್ನು ನೋಡಿ ಅಕ್ಕ ಮನೆಯಿಂದ ಬಿಸಿನೀರು ಕಳಿಸಿದಳು.

ಆಗಬೇಕಾದದ್ದು ಆಯಿತು. ಒಂದು ಮಧ್ಯಾಹ್ನ ತೋಟದ ಕೆಳಗಿನ ಬೇಲಿಯ ಹುಲ್ಲಿಗೆ ಬೆಂಕಿ ಹತ್ತಿತು. ಗಂಡಸರು ಹಸಿ ಸೊಪ್ಪು ಮುರಿದು ಬಡಿದು ಆರಿಸಿದರು. ಕಾಫಿ ಗಿಡ ಸುಡಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಗಾಳಿ ಲೈನಿನ ಕಡೆಗೆ ಬೀಸಿದ್ದರೆ ಮನೆಗಳ ಹುಲ್ಲಿನ ಸೂರು ಉಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಧಣಿ ಕಣಕ್ಕೆ ಬಂದರು. ಕಣವೆಂದರೆ ಕಾಫಿ ಒಣಗಿಸುವ ಅಂಗಳ. ಹಾಜರಿ ಕೂಗುವುದೂ ಅಲ್ಲೇ. ಅವರು ಕಿರುಚಲಿಲ್ಲ. ಕಿರುಚಿದ್ದರೆ ಜನರಿಗೆ ಹಗುರವಾಗುತ್ತಿತ್ತೇನೋ.

"ನಿಮ್ಮ ಒಳ್ಳೇದಕ್ಕೆ ಅಂತ ಹಗ್ಗ ತೆಗೆಸಿದೆ. ತೋಟ ಸುಡೋಕೆ ಹೊರಟ್ರಿ. ಯಾರು ಸೇದಿದ್ದು ಅಂತ ನಾನು ಕೇಳಲ್ಲ. ಮೂಪ, ನೀನು ಹೇಳು, ನಾನು ಏನು ಮಾಡಬೇಕಿತ್ತು?"

ಮೂಪ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಧಣಿ, ನೀವು ಬೀಡಿ ತೆಗೆದ್ರಿ. ಅದರ ಜೊತೆ ಕೂರೋದೂ ಹೋಯ್ತು."

"ಕೂರೋದಾ?"

"ಹಗ್ಗಕ್ಕೆ ಹೋದ್ರೆ ಕೂರ್ತಿದ್ವಿ. ಈಗ ಹಗ್ಗ ಇಲ್ಲ."

ಧಣಿ ಭಾವನ ಮುಖ ನೋಡಿದರು. ಭಾವ ಇದನ್ನು ಮೊದಲೇ ಹೇಳಿದ್ದರು. ಈಗ ಅದನ್ನು ನೆನಪಿಸುವ ಹೊತ್ತಲ್ಲವೆಂದು ಹಾಜರಿ ಪುಸ್ತಕ ಮಡಚಿದರು.

"ಹಾಗಂತ ಎಲ್ಲರೂ ಒಟ್ಟಿಗೆ ಕೂತರೆ ಕೊಯ್ಲು ನಿಂತೇ ಹೋಗುತ್ತೆ" ಎಂದರು ಧಣಿ.

ಅದಕ್ಕೆ ಉತ್ತರ ಕೊಟ್ಟವಳು ಮೂಪನ ಹೆಂಡತಿ. ಹೆಂಗಸರ ಸಾಲಿನಿಂದ, ತಲೆ ಎತ್ತದೆ, "ಬೀಡಿ ಸೇದೋವಾಗ ಕೊಯ್ಲು ನಿಂತಿರ್ಲಿಲ್ಲ ಧಣಿ" ಎಂದಳು. ಅಷ್ಟು ಹೇಳಲು ಅವಳಿಗೆ ನಡುವೆ ಒಮ್ಮೆ ಉಸಿರು ಹಿಡಿಯಬೇಕಾಯಿತು. ಅದನ್ನು ಧಣಿ ಕೇಳಿಸಿಕೊಂಡರು.

"ಬೀಡಿ ಬಿಡು ಅಂತ ಡಾಕ್ಟರು ಹೇಳಿದ್ದು ನಿನಗಲ್ವಾ?"

"ಹೂಂ."

"ಬಿಟ್ಟೆಯಾ?"

"ಬಿಟ್ಟೆ. ಆಮೇಲೆ ಕೂರೋಕೆ ಅಂತ ಮತ್ತೆ ಹಚ್ಚಿದೆ. ನೀವು ಹಗ್ಗ ತೆಗೆದ ಮೇಲೆ ಮತ್ತೆ ಬಿಟ್ಟೆ."

ಮೇಸ್ತ್ರಿ ನೆಲ ನೋಡಿದರು. ಧಣಿ ಮೂಪನ ಕಡೆ ತಿರುಗಿದರು. "ಸರಿ. ಕೂರೋದಕ್ಕೆ ಬಿಡ್ತೀನಿ. ಎಲ್ಲರೂ ಬೀಡಿ ಬಿಡ್ತೀರಾ?"

ಹೌದು ಎನ್ನುವುದು ಆ ಹೊತ್ತಿಗೆ ಸುಲಭವಾಗಿತ್ತು. ಎಲ್ಲರೂ ಅದನ್ನೇ ನಿರೀಕ್ಷಿಸಿದ್ದರು. ಮೂಪ ಬಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಎಲ್ಲರ ಮಾತು ನಾನು ಹೇಗೆ ಕೊಡಲಿ ಧಣಿ? ನಾನೇ ಬಿಡ್ತೀನಾ ಅಂತ ನಂಗೇ ಗೊತ್ತಿಲ್ಲ. ಸತ್ತ ಹಿರಿಯರಿಗೆ ಎಡೆ ಇಡೋವಾಗ್ಲೂ ಹೊಗೆಸೊಪ್ಪು ಇಡೋ ಜನ ನಾವು. ಇವಳು ಬಿಟ್ಟಿದಾಳೆ. ಇವಳು ಕೂತ್ಕೊಳ್ಳಲಿ. ಇವಳೊಬ್ಬಳೇ ಕೂತ್ರೆ ಮೇಸ್ತ್ರಿಗೆ ಕಷ್ಟ, ಅದಕ್ಕೆ ಎಲ್ಲರೂ ಕೂತ್ಕೊಳ್ಳಲಿ."

ಹಿಂದಿನಿಂದ ಯಾರೋ ಗಂಡಸು, "ಮೂಪ ಹೆಂಡ್ತಿ ಹೆಸರಲ್ಲಿ ನಮಗೂ ಜಾಗ ಮಾಡಿದ" ಎಂದ. ಕೆಲವರು ನಕ್ಕರು. ಧಣಿಯ ಮುಖವೂ ಸ್ವಲ್ಪ ಸಡಿಲಾಯಿತು. ಅವರು ಭಾವನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಮೇಸ್ತ್ರಿಯನ್ನೂ ಕರೆದರು. ಅಲ್ಲಿ ಏನೇನು ಮಾತಾಯಿತೋ ನಾನು ಕೇಳಿಸಿಕೊಂಡಿಲ್ಲ, ಆದ್ದರಿಂದ ಬರೆಯುವುದಿಲ್ಲ. ತೀರ್ಮಾನ ಇಷ್ಟು: ಬೆಳಿಗ್ಗೆ ಒಂದು ಸಲ, ಊಟದ ಮೇಲೆ ಒಂದು ಸಲ, ಕಣದಲ್ಲಿ ನೇತುಹಾಕಿದ ಕಬ್ಬಿಣದ ಪಟ್ಟಿಯನ್ನು ಬಡಿಯುವುದು. ಮತ್ತೆ ಬಡಿಯುವವರೆಗೆ ಸೇದುವವರು, ಸೇದದವರು ಎಲ್ಲರೂ ಕೂರಬಹುದು. ಹಗ್ಗ ಮತ್ತೆ ಹಲಸಿನ ಮರಕ್ಕೆ ಬರುತ್ತದೆ. ಬೇಕಾದವರು ಆ ವಿರಾಮದೊಳಗೇ ಅಲ್ಲಿಗೆ ನಡೆದು ಹೋಗಿ ಬರಬೇಕು. ಬೇರೆ ಹೊತ್ತಿನಲ್ಲಿ ಇಲ್ಲ.

ಮೊದಲ ದಿನ ಪಟ್ಟಿ ಬಡಿದಾಗ ಜನ ಏನು ಮಾಡಬೇಕೆಂದು ತಿಳಿಯದೆ ನಿಂತರು. ಬೀಡಿ ಹಿಡಿಯದ ಕೈಯನ್ನು ಎಲ್ಲಿ ಇಡುವುದೆಂದು ಗೊತ್ತಿಲ್ಲದವರಂತೆ ಕೆಲವರು ಸೆರಗು ಹಿಂಡಿದರು, ಕೆಲವರು ಬಿದ್ದ ಹಣ್ಣು ಹೆಕ್ಕಿದರು. "ಕೂರಿ ಮಾರಾಯ್ರೆ, ನಾನೇ ಹೇಳ್ತಾ ಇದ್ದೇನೆ" ಎಂದು ಮೇಸ್ತ್ರಿ ಕೂಗಬೇಕಾಯಿತು.

ಆಮೇಲಿನ ದಿನಗಳಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಡಾಕ್ಟರಾಗಲಿ ಧಣಿಯಾಗಲಿ ಯೋಚಿಸಿ ಮಾಡಿದ್ದಲ್ಲ. ಮೊದಲು ಬೀಡಿಯಿಂದ ವಿರಾಮ ಸಿಗುತ್ತಿತ್ತು. ಈಗ ವಿರಾಮ ಎಲ್ಲರಿಗೂ ಸಿಗುತ್ತಿತ್ತು, ಬೀಡಿ ಅದನ್ನು ತಿನ್ನುತ್ತಿತ್ತು. ಹಲಸಿನ ಮರದ ತನಕ ನಡೆದು ಹೋಗಿ, ಸೇದಿ, ಹಿಂದಿರುಗಿ ಬರುವಷ್ಟರಲ್ಲಿ ಪಟ್ಟಿ ಮತ್ತೆ ಬಡಿಯುತ್ತಿತ್ತು. ದೂರದ ಸಾಲುಗಳಲ್ಲಿ ಕೊಯ್ಯುವ ಹೆಂಗಸರು ಮೊದಲು ಹೋಗುವುದನ್ನು ಬಿಟ್ಟರು. ಕೆಲವರು ಎಲೆ ಅಡಿಕೆಗೆ ತಿರುಗಿದರು, ಅದರಲ್ಲೂ ಹೊಗೆಸೊಪ್ಪು ಇತ್ತು. ಡಾಕ್ಟರು ಅದಕ್ಕೂ ಗೊಣಗಿದರು. ಗಂಡಸರಲ್ಲಿ ಬಹುಕಾಲದಿಂದ ಸೇದುವವರು ಓಡಿ ಹೋಗಿ ಓಡಿ ಬರುತ್ತಿದ್ದರು. ಮೂಪ ಅವರಲ್ಲಿ ಒಬ್ಬ. ಸಂಜೆ ಲೈನಿನಲ್ಲಿ ಎಂದಿನಂತೆ ಬೀಡಿ ಉರಿಯುತ್ತಿತ್ತು. ಎಲ್ಲರೂ ಬಿಟ್ಟರು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಕಡಿಮೆಯಾಯಿತು ಎನ್ನುವುದು ನಿಜ. ಸಂತೆಯಿಂದ ಬೀಡಿಕಟ್ಟು ತಂದು ಲೈನಿನಲ್ಲಿ ಮಾರುತ್ತಿದ್ದವನು ಭಾವನ ಹತ್ತಿರ ಬಂದು ನಿಮ್ಮ ತೋಟಕ್ಕೆ ಏನಾಗಿದೆ ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ.

ಕೊಯ್ಲು ಮುಗಿಯುವ ಮುಂಚೆ ನಾನು ಮೈಸೂರಿಗೆ ಹಿಂದಿರುಗಿದೆ. ಆ ವರ್ಷ ಮಳೆ ಜೋರಾಗಿತ್ತು. ಮೂಪನ ಹೆಂಡತಿ ಆ ಮಳೆಗಾಲ ದಾಟುತ್ತಾಳೆಯೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. ಅದು ಪತ್ರಿಕೆಗೆ ಸುದ್ದಿಯಲ್ಲ; ಯಾರನ್ನು ಕೇಳಿದರೂ ಹಾಗೆಯೇ ಅನ್ನುತ್ತಿದ್ದರು. ಮಳೆ ನಿಂತ ಮೇಲೆ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ತೋಟಕ್ಕೆ ನಡೆದೆ. ಕಳೆ ತೆಗೆಯುವ ಕೆಲಸ ನಡೆದಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಅವಳು ಇದ್ದಳು. ಬಡವಾಗಿದ್ದಳು. ಕತ್ತಿ ಹಿಡಿದ ಕೈ ನಿಧಾನವಾಗಿತ್ತು, ಆದರೆ ನಡೆಯುತ್ತಿತ್ತು.

"ಕೆಮ್ಮು?" ಎಂದೆ.

"ಇದೆ. ಚಳೀಲಿ ಬರುತ್ತೆ. ಹತ್ತೋವಾಗ ಮೊದಲಿನಷ್ಟಿಲ್ಲ."

"ಬೀಡಿ?"

ಅವಳು ಕಳೆಯ ಬೇರಿಗೆ ಅಂಟಿದ ಮಣ್ಣನ್ನು ಕುಟ್ಟಿ ಉದುರಿಸಿದಳು. "ಆಟಿ ತಿಂಗಳ ಜಡಿಮಳೇಲಿ ಒಂದ್ಸಲ ಸೇದ್ದೆ. ಮನೇಲಿ ಇವರು ಹಚ್ಚಿದ್ದು, ಇಸ್ಕೊಂಡೆ. ರುಚಿ ಇರ್ಲಿಲ್ಲ ಅಂತ ಹೇಳಲ್ಲ, ಇತ್ತು. ಆಮೇಲೆ ಇವರು ಹೊರಗೆ ಹೋಗಿ ಸೇದ್ತಾರೆ. ಮಳೇಲಿ ಛತ್ರಿ ಹಿಡ್ಕೊಂಡು."

ಪಕ್ಕದವಳು ನಕ್ಕು, "ಮೂಪನಿಗೆ ಒಲೆ ಹತ್ರ ಜಾಗ ಇಲ್ಲ ಈಗ" ಎಂದಳು.

ಅಷ್ಟರಲ್ಲಿ ಕಣದ ಕಡೆಯಿಂದ ಪಟ್ಟಿ ಬಡಿದ ಸದ್ದು ಕೇಳಿತು. ಕೊಯ್ಲಿನ ಕಾಲವಲ್ಲ, ಬೆಂಕಿಯ ಭಯವೂ ಇಲ್ಲ. ಆದರೂ ಅದು ನಡೆದುಕೊಂಡು ಬಂದಿತ್ತು. ಸಾಲಿನುದ್ದಕ್ಕೂ ಹೆಂಗಸರು ಕತ್ತಿ ಕೆಳಗಿಟ್ಟು ಅಲ್ಲಲ್ಲೇ ಕೂತರು. ಅವಳೂ ಗಿಡದ ಬುಡಕ್ಕೆ ಬೆನ್ನು ಕೊಟ್ಟು, ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ನಿಂತೇ ಇದ್ದೆ.

"ನೀವೂ ಕೂತ್ಕೊಳ್ಳಿ ಸಾಮಿ," ಎಂದಳು. "ಮೇಸ್ತ್ರಿ ಏನೂ ಅನ್ನಲ್ಲ."